ಕೆಟ್ಟ ಲಾರಿಯನ್ನು ಎಳೆಯುವ ಮುನ್ನ
(ಸಂಘದ ರವಿವಾರದ ಸಭೆಯಲ್ಲಿ ಮಾಡಿದ ಭಾಷಣ)



ಹೋಟೆಲಿನವರಿಗೆ ಲಾರಿಯ ಪಂಚಾಯತಿ ಏಕೆ ಎಂದು ಹಿಂದಿನಿಂದ ಯಾರೋ ಕೇಳಿದಿರಿ. ನಮ್ಮ ಹುಡುಗರು ಕಪ್ಪುಬಶಿ ತೊಳೆದು ಬೇಸತ್ತು ಲಾರಿಯ ಕ್ಲೀನರ್ ಆಗುತ್ತಾರೆ. 1982ರ ಮುಷ್ಕರದ ಬಳಿಕ ಮುಂಬಯಿಯ ಗಿರಣಿಗಳು ಮುಚ್ಚುತ್ತ ಬಂದಾಗ ಗಿರಣಿಯವರಲ್ಲೂ ಕೆಲವರು ಲಾರಿ ಹತ್ತಿದರು. ಅಂಥ ನಮ್ಮ ಹುಡುಗನೊಬ್ಬ, ಪುಣೆ ದಾರಿಯ ಖಂಡಾಳಾ ಘಾಟಿನಲ್ಲಿ ಕೆಟ್ಟು ನಿಂತ ಲಾರಿಯ ಕೆಳಗೆ ನುಗ್ಗಿ ಶಾಫ್ಟು ಬಿಚ್ಚಿದ. ಹಳೆಯ ಲಾರಿ, ಹ್ಯಾಂಡ್ ಬ್ರೇಕು ಸಡಿಲ. ಒಂದು ಮೊಳ ಜರುಗಿತು, ಒಂದೇ ಮೊಳ. ಈಗ ಅವನು ಊರುಗೋಲು ಪಕ್ಕಕ್ಕಿಟ್ಟು ಗಲ್ಲೆಯ ಮೇಲೆ ಕೂರುತ್ತಾನೆ. ಮಾಲಕರು ಫೋನಿನಲ್ಲಿ ಹೇಳಿದ್ದು ಬೇಗ ಎಳೆದು ತನ್ನಿ ಎಂದು. ಗಾಲಿಗೆ ಅಡ್ಡ ಇಟ್ಟಿರಾ ಎಂದು ಅವರು ಕೇಳಲಿಲ್ಲ. ನಾವೂ ಅವನಿಗೆ ಕಲಿಸಿರಲಿಲ್ಲ.

ಗೇರಿನಲ್ಲಿ ನಿಲ್ಲಿಸಿದ್ದೇವೆ, ಎಲ್ಲಿ ಹೋದೀತು ಎಂಬುದು ನಮ್ಮವರ ಧೈರ್ಯ. ಆದರೆ ಗೇರ್ ಪೆಟ್ಟಿಗೆಗೂ ಹಿಂದಿನ ಗಾಲಿಗಳಿಗೂ ಸಂಬಂಧ ಇರುವುದು ಆ ಶಾಫ್ಟಿನಿಂದಲೇ. ಅದನ್ನು ಕಳಚಿದೊಡನೆ ಗೇರಿನ ಹಿಡಿತ ಹೋಯಿತು. ಹಾಗೆಂದು ಕಳಚದೆ ದೂರ ಎಳೆಯುವುದೂ ಸಲ್ಲದು. ಇಂಜಿನು ತಿರುಗದಿದ್ದರೆ ಅನೇಕ ಗೇರ್ ಪೆಟ್ಟಿಗೆಗಳಲ್ಲಿ ಬೇರಿಂಗುಗಳಿಗೆ ಎಣ್ಣೆ ತಲುಪುವುದಿಲ್ಲ. ಗಾಲಿ ಉರುಳಿದಂತೆ ಒಣಗಿ ಸುಟ್ಟುಹೋಗುತ್ತವೆ.

ಆದುದರಿಂದ ಕೆಳಗೆ ನುಗ್ಗುವ ಮುನ್ನ ಅಪಾಯದ ದೀಪ ಹಚ್ಚಿ, ಹಿಂದೆ ಸಾಕಷ್ಟು ದೂರದಲ್ಲಿ ತ್ರಿಕೋನ ಇಡಿ. ಗಾಲಿಗಳ ಇಳಿಜಾರಿನ ಕಡೆಗೆ ಮರದ ತುಂಡು ಒತ್ತಿ ಕೂರಿಸಿ. ದುಂಡುಕಲ್ಲು ಬೇಡ, ಅದು ಗಾಲಿಯ ಜೊತೆ ತಾನೂ ಉರುಳುತ್ತದೆ. ಎಳೆಯುವ ಗಾಡಿ ಬಂದು, ದಂಡ ಕಟ್ಟಿ, ಅದರ ಬ್ರೇಕು ಹಾಕಿದ ಮೇಲೆಯೇ ಶಾಫ್ಟಿಗೆ ಕೈ ಹಚ್ಚಿ.

ಬ್ರೇಕಿನ ಮಾತು ಇನ್ನೂ ಸೂಕ್ಷ್ಮ. ದೊಡ್ಡ ಲಾರಿಗಳಿಗೆ ಈಗ ಗಾಳಿ ಬ್ರೇಕು. ಟಾಕಿಯ ಗಾಳಿ ಇಳಿದರೆ ಹಿಂದಿನ ಗಾಲಿಯ ಡಬ್ಬಿಯೊಳಗಿನ ಸ್ಪ್ರಿಂಗು ತಾನೇ ಗಾಲಿಯನ್ನು ಹಿಡಿದುಬಿಡುತ್ತದೆ. ಎಳೆಯುವ ಗಾಡಿಯಿಂದ ಕೊಳವೆ ಹಾಕಿ ಗಾಳಿ ತುಂಬುವುದೇ ಉತ್ತಮ, ಬ್ರೇಕು ಉಳಿಯುತ್ತದೆ. ಗಾಳಿ ನಿಲ್ಲದಿದ್ದರೆ ಡಬ್ಬಿಯ ಬೆನ್ನಿನ ಬೋಲ್ಟನ್ನು ಪಾನಾದಿಂದ ತಿರುಗಿಸಿ ಸ್ಪ್ರಿಂಗನ್ನು ಹಿಂದಕ್ಕೆ ಎಳೆದಿಡಬೇಕು. ಡಬ್ಬಿಯ ಸುತ್ತಲಿನ ಪಟ್ಟಿಯನ್ನು ಮಾತ್ರ ಎಂದಿಗೂ ಬಿಚ್ಚಕೂಡದು. ಸ್ಪ್ರಿಂಗು ಹಾರಿದರೆ ಎದೆ ಒಡೆದೀತು.

ಹಾಗೆ ಬೋಲ್ಟು ತಿರುಗಿಸಿದ ಲಾರಿಗೆ ಬ್ರೇಕೇ ಇಲ್ಲ. ಹಗ್ಗ ಕಟ್ಟಿದರೆ ಇಳಿಜಾರಿನಲ್ಲಿ ಮುಂದಿನ ಗಾಡಿಯ ಬೆನ್ನಿಗೆ ಬಡಿಯುತ್ತದೆ. ಉಕ್ಕಿನ ದಂಡ ಬೇಕು, ಇಲ್ಲವೆ ಮುಂಭಾಗ ಎತ್ತಿ ಒಯ್ಯುವ ಕ್ರೇನು. ಎಳೆಸಿಕೊಳ್ಳುವ ಗಾಡಿಯಲ್ಲಿ ಲೈಸೆನ್ಸ್ ಇದ್ದವನೇ ಕೂರಬೇಕು, ಇಲ್ಲವೆ ಮುಂದಿನ ಗಾಲಿ ಎತ್ತಿರಬೇಕು, ನಡುವಿನ ಅಂತರ 5 ಮೀಟರ್ ಮೀರಬಾರದು ಎಂದು 1989ರ ರಸ್ತೆ ನಿಯಮಗಳಲ್ಲೇ ಬಂದಿತ್ತು. ಆದರೂ ಕ್ಲೀನರ್ ಹುಡುಗನನ್ನೇ ಸ್ಟಿಯರಿಂಗಿಗೆ ಕೂರಿಸುತ್ತಾರೆ! ಇಂಜಿನು ನಿಂತ ಲಾರಿಯ ಸ್ಟಿಯರಿಂಗು ಎಷ್ಟು ಭಾರವೆಂದು ತಿರುಗಿಸಿ ನೋಡಿದವರಿಗೇ ಗೊತ್ತು.

ಕ್ರೇನಿನ ಬಾಡಿಗೆ ಉಳಿಸಲು ಹಗ್ಗ ಕಟ್ಟಿ ಎಂದರೆ, "ಬ್ರೇಕಿಲ್ಲ ಶೇಠರೇ, ಕಟ್ಟುವುದಿಲ್ಲ" ಎಂದು ಡ್ರೈವರ್ ಅಣ್ಣಂದಿರು ಹೇಳಬೇಕು. ಹಾಗೆ ಹೇಳಿದ್ದಕ್ಕೆ ಕೆಲಸ ಹೋದರೆ ಆ ದಿನವೇ ಸಂಘಕ್ಕೆ ಬನ್ನಿ. ಇನ್ನೊಂದು: ಕೆಳಗಿದ್ದವನು ಹೊರಬಂದು ಮುಖ ತೋರಿಸುವ ತನಕ ಮುಂದಿನ ಗಾಡಿ ಕದಲಕೂಡದು.

ನಾವು ಕೆಲವು ಜೊತೆ ಮರದ ತುಂಡು ಮಾಡಿಸಿ ಕಚೇರಿಯಲ್ಲಿಟ್ಟಿದ್ದೇವೆ. ಲಾರಿಗೆ ಹೋಗುವ ಹುಡುಗರು ಒಯ್ಯಿರಿ, ದುಡ್ಡು ಬೇಡ. ಕೆಲಸ ಮುಗಿದ ಮೇಲೆ ಅವನ್ನು ರಸ್ತೆಯಲ್ಲೇ ಬಿಟ್ಟು ಹೋಗಬೇಡಿ. ರಾತ್ರಿ ಮೋಟಾರ್ ಸೈಕಲಿನವರು ಎಡವಿ ಬೀಳುತ್ತಾರೆ.