ಕಡ್ಡಿ ಕಟ್ಟಿಗೆಯಿಂದ ಜಲಜನಕ
(ರೈತರ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಜಲಜನಕದ ವಿಚಾರ ಪಟ್ಟಣದ ವಿದ್ಯಾವಂತರಿಗೆ ಸೇರಿದ್ದು, ನಮಗೇತಕ್ಕೆ ಎಂದು ತಾವು ಕೇಳಬಹುದು. ತಾವು ರಾಗಿಗೆ, ಮುಸುಕಿನ ಜೋಳಕ್ಕೆ ಹಾಕುವ ಯೂರಿಯಾದಲ್ಲಿ ಅದು ಸೇರಿಕೊಂಡಿದೆ. ಗಾಳಿಯ ಸಾರಜನಕಕ್ಕೆ ಜಲಜನಕವನ್ನು ಕೂಡಿಸಿದರೆ ಅಮೋನಿಯ, ಅಮೋನಿಯದಿಂದ ಯೂರಿಯಾ. 45 ಕಿಲೋ ಯೂರಿಯಾ ಚೀಲವೊಂದಕ್ಕೆ ಸುಮಾರು ನಾಲ್ಕೂವರೆ ಕಿಲೋ ಜಲಜನಕ ಬೇಕು. ನಮ್ಮ ಗೊಬ್ಬರದ ಕಾರ್ಖಾನೆಗಳು ಅದನ್ನು ಬಹುಮಟ್ಟಿಗೆ ನೈಸರ್ಗಿಕ ಅನಿಲದಿಂದ ತೆಗೆಯುತ್ತವೆ. ಆ ಅನಿಲದಲ್ಲಿ ಬಹಳಷ್ಟನ್ನು ಹಡಗಿನಲ್ಲಿ ಹೊರದೇಶದಿಂದ ತರಿಸಬೇಕಾಗಿದೆ.

ಆದರೆ ಜಲಜನಕ ನಮ್ಮ ಹೊಲದ ಬದುವಿನಲ್ಲಿಯೂ ಬಿದ್ದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಎಸ್. ದಾಸಪ್ಪನವರ ತಂಡ 2022ರಲ್ಲಿ ಒಂದು ವಿಧಾನವನ್ನು ತಿಳಿಸಿತು. ಒಣ ಕಟ್ಟಿಗೆ ಕಸವನ್ನು ಆಮ್ಲಜನಕ ಮತ್ತು ಹಬೆಯೊಡನೆ ಕಾಯಿಸಿ ಅನಿಲ ಮಾಡುವುದು, ಬಳಿಕ ಅದರಿಂದ ಜಲಜನಕವನ್ನು ಬೇರ್ಪಡಿಸುವುದು. ಒಂದು ಕಿಲೋ ಕಸದಲ್ಲಿರುವ ಜಲಜನಕ 60 ಗ್ರಾಂ ಮಾತ್ರ. ಅವರಿಗೆ ದೊರೆತದ್ದು 100 ಗ್ರಾಂ. ಇದರಲ್ಲಿ ಮಾಯವೇನೂ ಇಲ್ಲ. ಹಬೆಯೂ ನೀರೇ ಆದ್ದರಿಂದ ನೀರಿನೊಳಗಿನ ಜಲಜನಕವೂ ಹೊರಬಂತು. ಈ ಲೆಕ್ಕದಲ್ಲಿ ಒಂದು ಚೀಲ ಯೂರಿಯಾಕ್ಕೆ ಬೇಕಾದ ಜಲಜನಕ 45 ಕಿಲೋ ಒಣ ಕಟ್ಟಿಗೆಯಲ್ಲಿ ಸಿಕ್ಕಬೇಕು. ಚೀಲದ ತೂಕದಷ್ಟೇ ಕಟ್ಟಿಗೆ!

ಇನ್ನು ಕ್ರಿಯಾವರ್ಧಕದ ಮಾತು. ಕಟ್ಟಿಗೆಯಿಂದ ಹೊರಡುವ ಅನಿಲದಲ್ಲಿ ಇಂಗಾಲದ ಮಾನಾಕ್ಸೈಡ್ ಬೆರೆತಿರುತ್ತದೆ. ಬಾಗಿಲು ಮುಚ್ಚಿದ ಬಾಣಂತಿ ಕೋಣೆಯಲ್ಲಿ ಕೆಂಡವಿಟ್ಟರೆ ಪ್ರಾಣಕ್ಕೆ ಬರುವ ವಿಷವಾಯು ಇದೇ; ಕಿಟಕಿ ತೆರೆದಿಡಿ ಎಂದು ತಾಯಂದಿರಿಗೆ ಇಲ್ಲಿಯೇ ಹೇಳಿಬಿಡುತ್ತೇನೆ. ಈ ಮಾನಾಕ್ಸೈಡ್ ಹಬೆಯೊಡನೆ ಸೇರಿದರೆ ಮತ್ತಷ್ಟು ಜಲಜನಕ ಹುಟ್ಟುತ್ತದೆ. ಆದರೆ ತಾನಾಗಿ ಸೇರುವುದು ಬಹು ನಿಧಾನ. ಕಬ್ಬಿಣದ ಆಕ್ಸೈಡಿನ ಉಂಡೆಗಳ ಮೇಲೆಯೋ, ಇನ್ನೂ ಕಡಿಮೆ ಕಾವಿನಲ್ಲಿ ತಾಮ್ರ ಮತ್ತು ಸತುವಿನ ಉಂಡೆಗಳ ಮೇಲೆಯೋ ಹಾಯಿಸಿದರೆ ಕೆಲಸ ಬೇಗ ಆಗುತ್ತದೆ. ಹಾಲಿಗೆ ಹೆಪ್ಪು ಹಾಕಿದಂತೆ ಎನ್ನುವುದುಂಟು. ಆದರೆ ಹೆಪ್ಪು ಮೊಸರಿನಲ್ಲಿ ಬೆರೆತುಹೋಗುತ್ತದೆ, ಕ್ರಿಯಾವರ್ಧಕ ಬೆರೆಯುವುದಿಲ್ಲ. ಕೆಲಸ ಮಾಡಿಸಿ ತಾನು ಉಳಿದುಕೊಳ್ಳುತ್ತದೆ. ಆದ್ದರಿಂದಲೇ ಬೆಲೆಬಾಳುವ ಲೋಹವನ್ನೂ ಬಳಸಲು ಸಾಧ್ಯವಾಗುತ್ತದೆ.

ಆದರೂ ಬೆಲೆ ಬೆಲೆಯೇ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದಲ್ಲಿ ಡ್ಯುಮೆಸಿಕ್ ಎಂಬವರ ತಂಡ 2002ರಲ್ಲಿ ಗ್ಲೂಕೋಸು, ಗ್ಲಿಸರಿನ್ ಮುಂತಾದವನ್ನು ನೀರಿನಲ್ಲಿ ಕದಡಿ, ಒತ್ತಡದಲ್ಲಿ ಸುಮಾರು 225 ಡಿಗ್ರಿಗೆ ಕಾಯಿಸಿ, ಪ್ಲಾಟಿನಮ್ಮಿನ ಸಹಾಯದಿಂದ ಜಲಜನಕ ತೆಗೆಯಿತು. ಪ್ಲಾಟಿನಮ್ ದುಬಾರಿ. ನಿಕಲ್ ಅಗ್ಗ, ಆದರೆ ಅದು ಜಲಜನಕವನ್ನು ಮೀಥೇನಾಗಿ ಮಾಡಿ ಹಾಳುಮಾಡುತ್ತದೆ. 2003ರಲ್ಲಿ ಅವರೇ ನಿಕಲ್ಲಿಗೆ ತವರ ಸೇರಿಸಿ ಆ ಚಾಳಿಯನ್ನು ಬಹಳ ಮಟ್ಟಿಗೆ ಅಡಗಿಸಿದರು. ಪಾತ್ರೆಗೆ ಕಲಾಯಿ ಹಾಕುವ ಅದೇ ತವರ!

ಬಾಂಧವರೇ, ನಮಗೆ ಸಂಬಂಧಪಟ್ಟದ್ದು ಮುಂದಿದೆ. ಕ್ರಿಯಾವರ್ಧಕಕ್ಕೂ ವಿಷವುಂಟು. ಕಟ್ಟಿಗೆಯ ಹೊಗೆಯಲ್ಲಿ ಡಾಂಬರಿನಂಥ ಜಿಡ್ಡಿರುತ್ತದೆ. ಅದು ಕೂತು ಮಸಿಗಟ್ಟಿದರೆ ನಿಕಲ್ ಸತ್ತಂತೆ. ಗಂಧಕ ಅದಕ್ಕೆ ಅಂಟಿಕೊಂಡರೆ ಸುಲಭವಾಗಿ ಬಿಡುವುದಿಲ್ಲ. ಪೊಟ್ಯಾಷ್, ಕ್ಲೋರೀನ್ ಇವೂ ಕೇಡು ಮಾಡುತ್ತವೆ. ಜಿಡ್ಡನ್ನು ಒಡೆಯಲು ಮೊದಲ ಹಂತದಲ್ಲಿ ಸುಟ್ಟ ಡೋಲೊಮೈಟ್ ಕಲ್ಲನ್ನು ಇಡುವುದುಂಟು. ಮಲೆನಾಡಿನವರು ಹುಳಿಮಣ್ಣಿನ ತೋಟಗಳಿಗೆ ಹಾಕುವುದು ಸುಡದ ಇದೇ ಕಲ್ಲಿನ ಪುಡಿಯನ್ನು. ಅಗ್ಗದ ಕಲ್ಲು ದುಬಾರಿ ಲೋಹವನ್ನು ಕಾಯುತ್ತದೆ.

ಆದಕಾರಣ ಮಣ್ಣು ಕಲ್ಲು ಬೆರೆತ, ಮಳೆಯಲ್ಲಿ ನೆಂದ ಕಸಕ್ಕೆ ಬೆಲೆ ಬರಲಾರದು. ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ, ತೆಂಗಿನ ಚಿಪ್ಪು, ಕಾಳು ಬಿಡಿಸಿದ ಜೋಳದ ಬೆಂಡು ಇವನ್ನು ಒಣಗಿಸಿ ಬೇರೆ ಬೇರೆಯಾಗಿ ಇಟ್ಟರೆ ಒಳ್ಳೆಯ ಸರಕು. ಭತ್ತದ ಹೊಟ್ಟಿನಲ್ಲಿ ನೂರಕ್ಕೆ 15–20 ಪಾಲು ಬೂದಿಯೇ ಇರುವುದರಿಂದ ಅದರ ಕಾಟ ಹೆಚ್ಚು. ರಾಗಿ ಹುಲ್ಲನ್ನಂತೂ ಯಾರು ಎಷ್ಟು ಕೊಟ್ಟರೂ ಮಾರಬೇಡಿರಿ. ಅದು ದನಗಳ ಪಾಲು. ತರಗು, ಸೊಪ್ಪು, ಗಂಜಲ ನೆನೆದ ಕಸ ತಿಪ್ಪೆಗುಂಡಿಗೇ ಹೋಗಲಿ. ಜಲಜನಕದ ಆಸೆಗೆ ಹೊಲವನ್ನು ಬರಿದುಮಾಡಿದರೆ ಮತ್ತಷ್ಟು ಯೂರಿಯಾ ಕೊಳ್ಳಬೇಕಾದೀತು.

ಇನ್ನೊಂದು ಮಾತು. ಜಲಜನಕದೊಡನೆ ನಮ್ಮ ಹೊಲದ ಪೊಟ್ಯಾಷ್ ಹೋಗಬೇಕಾಗಿಲ್ಲ. ಅದರ ಬಹುಪಾಲು ಬೂದಿಯಲ್ಲಿ ಉಳಿಯುತ್ತದೆ. ಕೊಳ್ಳುವವರು ಬಂದ ದಿನ ದರದ ಜೊತೆಗೆ ಬೂದಿಯನ್ನು ಹಿಂದಿರುಗಿಸುವ ಕರಾರನ್ನೂ ಕೇಳಿರಿ.

2023ರ ಜನವರಿಯಲ್ಲಿ ಭಾರತ ಸರ್ಕಾರ ರಾಷ್ಟ್ರೀಯ ಹಸಿರು ಹೈಡ್ರೋಜನ್ ಯೋಜನೆಗೆ ಒಪ್ಪಿಗೆ ಕೊಟ್ಟು, 2030ರೊಳಗೆ ವರ್ಷಕ್ಕೆ 50 ಲಕ್ಷ ಟನ್ನಿನ ಗುರಿ ಇಟ್ಟಿತು. ಕಟ್ಟಿಗೆ ಕಸದಿಂದ ತೆಗೆದದ್ದನ್ನೂ ಮಾಲಿನ್ಯದ ಮಿತಿಯೊಳಗಿದ್ದರೆ ಹಸಿರು ಎಂದೇ ಎಣಿಸಲಾಗುತ್ತದೆ. ಹಾಗೆಂದು ನಾಳೆಯೇ ನಮ್ಮೂರಿಗೆ ಲಾರಿ ಬರುತ್ತದೆಂದು ತಿಳಿಯಬೇಡಿರಿ. ಕಟ್ಟಿಗೆಗೆ ಮುಂಗಡ ಕೊಡಿಸುತ್ತೇನೆ, ನೋಂದಣಿ ಹಣ ಕಟ್ಟಿ ಎಂದು ಯಾರಾದರೂ ಬಂದರೆ ನನ್ನನ್ನು ಕರೆಯಿರಿ, ಹಣ ಕೊಡಬೇಡಿರಿ.

ಸದ್ಯಕ್ಕೆ ಒಂದು ಕೆಲಸ ಸಾಕು. ಈ ಸುಗ್ಗಿಯಲ್ಲಿ ಒಲೆಗೆ ಬೇಕಾದಷ್ಟನ್ನು ತೆಗೆದಿಟ್ಟ ಮೇಲೆ ಎಕರೆಗೆ ಎಷ್ಟು ತೊಗರಿ ಕಟ್ಟಿಗೆ ಉಳಿಯುತ್ತದೆಂದು ತೂಗಿ ಬರೆದಿಡಿರಿ. ತಕ್ಕಡಿಯನ್ನು ನಾನು ಸೊಸೈಟಿಯಿಂದ ತರಿಸುತ್ತೇನೆ.