ಊರು ಒಂದಾಗಲಿ, ಹೆಸರು?

ಶಾಂಪೇನ್ ಅಂದ ಕೂಡಲೇ ನಮಗೆ ನೆನಪಾಗೋದು ಕಪ್ ಗೆದ್ದವರು ಚಿಮ್ಮಿಸೋ ಬಾಟಲಿ. ಆದರೆ ಅದು ಫ್ರಾನ್ಸಿನ ಒಂದು ಪ್ರಾಂತ್ಯದ ಹೆಸರು. ಅಲ್ಲಿ ದ್ರಾಕ್ಷಿತೋಟಗಳ ನಡುವೆ ಲೂವ್ವಾ ಅಂತ ಪುಟ್ಟ ಹಳ್ಳಿ. ಇಡೀ ಶಾಂಪೇನ್‌ನಲ್ಲಿ ಅತ್ಯುನ್ನತ ದರ್ಜೆ, ಅಂದರೆ ‘ಗ್ರ್ಯಾಂ ಕ್ರೂ’ ಪಡೆದ ಊರುಗಳು ಬರೀ 17. ಅದರಲ್ಲಿ ಇದೂ ಒಂದು. ಹದಿನಾಲ್ಕನೇ ಲೂಯಿಯ ಪ್ರಖ್ಯಾತ ಯುದ್ಧಮಂತ್ರಿಯನ್ನ ಇತಿಹಾಸ ಕರೆಯೋದೇ ಈ ಊರಿನ ಹೆಸರಿಂದ.

ಇಂಥ ಊರು ಪಕ್ಕದ ತೋಸಿಯೇರ್-ಮ್ಯೂತ್ರಿ ಜೊತೆ ವಿಲೀನವಾಯಿತು. ಈಗ ಎರಡೂ ಸೇರಿ ‘ವಾಲ್ ದ ಲೀವ್ರ್’. ಅಂದರೆ ಲೀವ್ರ್ ಹೊಳೆಯ ಕಣಿವೆ.

ಯಾಕೆ ಹೀಗಾಯಿತು? ಫ್ರಾನ್ಸಿನಲ್ಲಿ ಆಗ 36 ಸಾವಿರಕ್ಕೂ ಹೆಚ್ಚು ಸ್ಥಳೀಯ ಆಡಳಿತ ಘಟಕಗಳು. ಅರ್ಧಕ್ಕಿಂತ ಹೆಚ್ಚಿನ ಕಡೆ ಐನೂರು ಜನವೂ ಇಲ್ಲ. ಆದರೂ ಪ್ರತಿ ಊರಿಗೂ ಒಬ್ಬ ಮೇಯರ್, ಒಂದು ಕೌನ್ಸಿಲ್, ಒಂದು ಬಜೆಟ್! 1971ರಲ್ಲೂ ವಿಲೀನಕ್ಕೆ ಕಾನೂನು ತಂದರು, ಹೆಚ್ಚು ಊರುಗಳು ಒಪ್ಪಲಿಲ್ಲ. 2010ರಲ್ಲಿ ಹೊಸ ಕಾನೂನು, 2015ರಲ್ಲಿ ಅದಕ್ಕೆ ಹಣದ ಆಮಿಷ: ಬೇಗ ಒಂದಾದರೆ ಮೂರು ವರ್ಷ ಸರ್ಕಾರದ ಅನುದಾನಕ್ಕೆ ಕತ್ತರಿ ಇಲ್ಲ. ಆಗ ಊರುಗಳು ಸಾಲುಗಟ್ಟಿದವು.

ನಾನು ಇಂಜಿನಿಯರಿಂಗ್ ಓದಿದವನು. ಎರಡು ಕಚೇರಿ ಮಾಡೋ ಕೆಲಸವನ್ನ ಒಂದೇ ಮಾಡಿದರೆ ನನಗೂ ಖುಷಿ. ಆದರೆ ಊರು ಅನ್ನೋದು ಮಷೀನ್ ಅಲ್ವಲ್ಲ? ಎಲ್ಲ ಕೌನ್ಸಿಲ್‌ಗಳೂ ಒಪ್ಪಿಬಿಟ್ಟರೆ ಜನಮತ ಕೇಳಲೇಬೇಕು ಅಂತ ಆ ಕಾನೂನಿನಲ್ಲಿ ಇಲ್ಲ. ನನ್ನ ತಕರಾರು ಇಲ್ಲೇ. ನನ್ನ ವಿಳಾಸ ಬದಲಾಗುವಾಗ ನನ್ನನ್ನ ಕೇಳೋದು ಬೇಡವೇ?

ಒಂದು ಮಾತು ಮಾತ್ರ ಮೆಚ್ಚಬೇಕು. ಹೊಸ ಹೆಸರು ದೊಡ್ಡವರ ಊರಿನದಲ್ಲ, ಹೊಳೆಯದು. ಹಾಗಾಗಿ ಯಾರೂ ಗೆದ್ದಂತಾಗಲಿಲ್ಲ, ಯಾರೂ ಸೋತಂತಾಗಲಿಲ್ಲ. ಇನ್ನು ತೋಟದ ಗಡಿಯನ್ನ ಯಾರೂ ಮುಟ್ಟಲಿಲ್ಲ. ಲೂವ್ವಾದ ದ್ರಾಕ್ಷಿ ಇವತ್ತೂ ಗ್ರ್ಯಾಂ ಕ್ರೂ, ಪಕ್ಕದ ಊರಿನದು ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ‘ಪ್ರೆಮಿಯೇ ಕ್ರೂ’. ಆಡಳಿತ ಒಂದಾಯಿತು, ಮಣ್ಣು ಒಂದಾಗಲಿಲ್ಲ.

ನೋಡಿ, ದ್ರಾಕ್ಷಿಗೆ ಊರಿನ ಹೆಸರು ಉಳಿಸಿಕೊಡೋಕೆ ಅಷ್ಟು ಬಿಗಿಯಾದ ನಿಯಮಗಳಿವೆ. ಆ ದ್ರಾಕ್ಷಿ ಬೆಳೆಯೋ ಮನುಷ್ಯನಿಗೂ ಅಷ್ಟೇ ಕಾಳಜಿ ಸಿಗಬೇಕು. ಲೆಕ್ಕಪುಸ್ತಕ ಒಂದು ಮಾಡಿ, ಬೇಡ ಅನ್ನಲ್ಲ. ಆದರೆ ಮೊದಲು ಊರವರನ್ನ ಕೇಳಿ.