ಸೂಜಿ, ದಾರ ಮತ್ತು ಒಂದು ಗೇಣು ಬಟ್ಟೆ

ನಾನು ಧಾರವಾಡದವನು. ಎಂಟೆಕ್ ಮುಗಿಸಿ ಕೆಲಸಕ್ಕೆ ಅಂತ ಈ ಕಡೆ ಬಂದು ಒಂಬತ್ತು ವರ್ಷ ಆಯ್ತು. ಮನೆ ಡೊಂಬಿವಲಿ ಪೂರ್ವದಲ್ಲಿ, ಆಫೀಸು ಐರೋಲಿಯಲ್ಲಿ. ಈ ವಿಡಿಯೋ ನೋಡ್ತಾ ಇರೋರಲ್ಲಿ ತುಂಬ ಜನರ ದಿನ ನನ್ನ ಹಾಗೇ ಇರುತ್ತೆ. ಕಲ್ಯಾಣದಲ್ಲೋ ಡೊಂಬಿವಲಿಯಲ್ಲೋ ಲೋಕಲ್‌ಗೆ ತೂರಿಕೊಳ್ಳೋದು, ಥಾಣೆಯಲ್ಲಿ ಇಳಿದು ಸೇತುವೆ ಹತ್ತಿ ಟ್ರಾನ್ಸ್ ಹಾರ್ಬರ್ ಗಾಡಿ ಹಿಡಿಯೋದು, ಐರೋಲಿ, ರಬಾಳೆ, ಘನ್ಸೋಲಿ ಅಂತ ಒಂದೊಂದು ಸ್ಟೇಶನ್ನಿನಲ್ಲಿ ಚೆಲ್ಲಿಹೋಗೋದು. ರಾತ್ರಿ ಅದೇ ದಾರಿಯಲ್ಲಿ ವಾಪಸ್.

ಇವತ್ತು ನಾನು ಕೋಡಿಂಗ್ ಬಗ್ಗೆ ಮಾತಾಡಲ್ಲ. ಈ ಬಟ್ಟೆ ಬಗ್ಗೆ ಮಾತಾಡ್ತೀನಿ. ಕ್ಯಾಮೆರಾ ಹತ್ತಿರ ಹಿಡೀತೀನಿ ನೋಡಿ. ಇದು ತುಳಸಿಕಟ್ಟೆ. ಎಡಗಡೆ ಸ್ವಲ್ಪ ಸೊಟ್ಟ ಇದೆ. ಹಾಕಿದವನು ನಾನೇ.

ಎರಡು ವರ್ಷದ ಹಿಂದೆ ನನ್ನ ಸ್ಥಿತಿ ಹೇಗಿತ್ತು ಅಂದ್ರೆ, ಫೋನ್ ಟಿಣ್ ಅಂದ್ರೆ ಎದೆ ಧಸಕ್ ಅನ್ನೋದು. ಆನ್‌ಕಾಲ್ ವಾರ ಮುಗಿದ ಮೇಲೂ ರಾತ್ರಿ ಎರಡಕ್ಕೆ, ಮೂರಕ್ಕೆ ಎದ್ದು ಮೊಬೈಲ್ ನೋಡ್ತಿದ್ದೆ. ಸೈಲೆಂಟ್‌ನಲ್ಲಿ ಇಡೋಕೆ ಆಗ್ತಿರಲಿಲ್ಲ. ಯಾಕೆ ಅನ್ನೋದನ್ನ ಆಮೇಲೆ ಹೇಳ್ತೀನಿ. ಒತ್ತಡ ಕಮ್ಮಿ ಮಾಡ್ಕೋಬೇಕು ಅಂತ ಜಿಮ್‌ಗೆ ವರ್ಷದ ದುಡ್ಡು ಕಟ್ಟಿದೆ, ಹನ್ನೊಂದು ದಿನ ಹೋದೆ. ಗಿಟಾರ್ ತಂದೆ, ಅದು ಕಪಾಟಿನ ಮೇಲೆ ಮಲಗಿದೆ.

ಆಗ ಅವ್ವ ಬಂದು ನಮ್ಮ ಜೊತೆ ಇರೋಕೆ ಶುರು ಮಾಡಿದ್ದಳು. ಅಪ್ಪ ತೀರಿಕೊಂಡಿದ್ದರು. ಧಾರವಾಡದ ಅಂಗಳದ ಮನೆ ಬಿಟ್ಟು ನಾಲ್ಕನೇ ಮಹಡಿಯ ಒನ್ ಬಿಎಚ್‌ಕೆ. ಭಾಷೆ ಬರಲ್ಲ, ಪಕ್ಕದ ಮನೆಯವರು ಬಾಗಿಲು ಹಾಕಿಕೊಂಡೇ ಇರ್ತಾರೆ. ನಾನು ಮನೆಗೆ ಬಂದಾಗ ಅವಳು ಮಾತಾಡ್ತಿರಲಿಲ್ಲ, ನಾನೂ ಆಡ್ತಿರಲಿಲ್ಲ. ಊಟ ಬಡಿಸೋಳು, ತಿಂದು ಫೋನ್ ಹಿಡೀತಿದ್ದೆ.

ಒಂದು ಭಾನುವಾರ ಟ್ರಂಕಿನಿಂದ ಹಳೇ ಕಸೂತಿ ಬಟ್ಟೆ ತೆಗೆದು ಕೂತಿದ್ದಳು. "ತಮ್ಮಾ, ಸೂಜ್ಯಾಗ ದಾರಾ ಪೋಣಿಸಿ ಕೊಡೊ, ಕಣ್ಣು ಕಾಣವಲ್ದು" ಅಂದಳು. ಪೋಣಿಸಿ ಕೊಟ್ಟೆ. ಆಮೇಲೆ "ಇಲ್ಲಿಂದ ಎಳಿ ಎಣಿಸು" ಅಂದಳು. ಎಣಿಸಿದೆ. ಅರ್ಧ ಗಂಟೆ ಆದಮೇಲೆ ನೆನಪಾಯ್ತು, ಅಷ್ಟು ಹೊತ್ತು ನಾನು ಫೋನ್ ಮುಟ್ಟೇ ಇರಲಿಲ್ಲ. ಮುಂದಿನ ಭಾನುವಾರ ನನಗೂ ಒಂದು ತುಂಡು ಬಟ್ಟೆ ಕೇಳಿದೆ.

ಕಸೂತಿ ನಮ್ಮ ಉತ್ತರ ಕರ್ನಾಟಕದ ಮನೆಮನೆಯ ಕಲೆ. ಇಳಕಲ್ ಸೀರೆ, ಕುಪ್ಪಸದ ಖಣದ ಮೇಲೆ ಹಾಕ್ತಾರೆ. ಗೋಪುರ, ತೇರು, ಪಲ್ಲಕ್ಕಿ, ಆನೆ ಅಂಬಾರಿ, ನವಿಲು ಎಲ್ಲಾ ಬರುತ್ತೆ. ಬಟ್ಟೆ ಮೇಲೆ ಗೆರೆ ಬರೆದುಕೊಳ್ಳೋ ಹಾಗಿಲ್ಲ, ಎಳೆ ಎಣಿಸಿಕೊಂಡೇ ಹಾಕಬೇಕು. ಮುಖ್ಯವಾಗಿ ನಾಲ್ಕು ಹೊಲಿಗೆ: ಗವಂತಿ, ಮುರಗಿ, ನೇಯ್ಗೆ, ಮೆಂತೆ. ಮುರಗಿ ಮೆಟ್ಟಿಲು ಹತ್ತಿದ ಹಾಗೆ ಹೋಗುತ್ತೆ. ನೇಯ್ಗೆ ಹಾಕಿದ್ದು ಮಗ್ಗದಲ್ಲೇ ನೇಯ್ದ ಹಾಗೆ ಕಾಣುತ್ತೆ. ಮೆಂತೆ ಅಂದ್ರೆ ಅಡ್ಡಡ್ಡ ದಾಟಿಸೋ ಹೊಲಿಗೆ.

ನನ್ನನ್ನ ಹಿಡಿದು ಕೂರಿಸಿದ್ದು ಗವಂತಿ. ಹೋಗುವಾಗ ಸೂಜಿ ಮೇಲೆ, ಕೆಳಗೆ, ಮೇಲೆ, ಕೆಳಗೆ. ಒಂದು ಬಿಟ್ಟು ಒಂದು ಜಾಗ ಖಾಲಿ ಉಳಿಯುತ್ತೆ. ಅದೇ ಗೆರೆ ಮೇಲೆ ವಾಪಸ್ ಬರುವಾಗ ಆ ಖಾಲಿ ಜಾಗ ತುಂಬುತ್ತೆ. ಹಾಗಾಗಿ ಬಟ್ಟೆಯ ಎರಡೂ ಕಡೆ ಒಂದೇ ಚಿತ್ರ. ನೋಡಿ, ತಿರುಗಿಸ್ತೀನಿ. ಗಂಟು ಹಾಕೋ ಹಾಗಿಲ್ಲ, ದಾರದ ತುದಿಯನ್ನ ಹೊಲಿಗೆ ಒಳಗೇ ತೂರಿಸಿ ಮುಚ್ಚಬೇಕು. ದಾರಿಯಲ್ಲಿ ಕವಲು ಬಂದರೆ ಆ ಕವಲಿನ ತುದಿವರೆಗೆ ಹೋಗಿ, ತಿರುಗಿ ಬಂದು, ಮುಂದಿನ ಕವಲು ಹಿಡೀಬೇಕು. ಕಡೆಗೆ ಶುರು ಮಾಡಿದಲ್ಲಿಗೇ ಬಂದು ನಿಲ್ಲಬೇಕು.

ನನ್ನ ಕ್ಷೇತ್ರದವರಿಗೆ ಈಗ ನಗು ಬಂದಿರುತ್ತೆ. ಇದು ಡೆಪ್ತ್ ಫಸ್ಟ್ ಸರ್ಚ್ ಅಲ್ವಾ! ನಾವು ಕಾಲೇಜಲ್ಲಿ ಪರೀಕ್ಷೆಗೆ ಬಾಯಿಪಾಠ ಮಾಡಿದ್ದನ್ನ ಏಳನೇ ಕ್ಲಾಸು ಓದಿದ ನಮ್ಮವ್ವ ಬೆರಳಲ್ಲಿ ಮಾಡ್ತಾಳೆ. ಒಂದು ಕವಲು ಮರೆತು ಮುಂದೆ ಹೋದಿರೋ, ಆಮೇಲೆ ಅಲ್ಲಿಗೆ ಹೋಗೋಕೆ ದಾರ ಹಿಂದುಗಡೆ ಹಾರಿಸಬೇಕಾಗುತ್ತೆ. ಬಟ್ಟೆ ತಿರುಗಿಸಿ ನೋಡಿದವರಿಗೆ ತಕ್ಷಣ ಗೊತ್ತಾಗುತ್ತೆ.

ನಾನು ಮೊದಲ ಸಲ ಹಾಗೇ ಮಾಡಿದೆ. ನಲವತ್ತು ನಿಮಿಷದ ಕೆಲಸ ಹಾಳು. ಕೈ ನಡುಗಿತು, ಪ್ರೊಡಕ್ಷನ್ ಸರ್ವರ್ ಬಿದ್ದಾಗ ನಡುಗುತ್ತಲ್ಲ, ಹಾಗೆ. ಅವ್ವ ನೋಡಿ, "ಬಿಚ್ಚು. ಬಟ್ಟಿ ಏನ್ ಸಿಟ್ಟಾಗೂದಿಲ್ಲ" ಅಂದಳು. ಬಿಚ್ಚಿದೆ. ಯಾರಿಗೂ ಮೇಲ್ ಕಳಿಸಬೇಕಾಗಿರಲಿಲ್ಲ. ಯಾಕೆ ಹೀಗಾಯ್ತು ಅಂತ ಮೀಟಿಂಗ್ ಇರಲಿಲ್ಲ. ತಪ್ಪು ಮಾಡಿದರೂ ಏನೂ ಆಗದ ಒಂದು ಜಾಗ ನನ್ನ ದಿನದಲ್ಲಿ ಇರಲೇ ಇಲ್ಲ ಅಂತ ಆಗ ಹೊಳೀತು.

ಖರ್ಚು ಹೇಳ್ತೀನಿ. ಸ್ಟೇಶನ್ ಹತ್ತಿರದ ಅಂಗಡಿಯಲ್ಲಿ ಅರ್ಧ ಮೀಟರ್ ಮ್ಯಾಟಿ ಬಟ್ಟೆ, ಆರು ಬಣ್ಣದ ದಾರದ ಲಡಿ, ಮೊಂಡು ತುದಿಯ ಸೂಜಿ ಎಲ್ಲಾ ಸೇರಿ 240 ರೂಪಾಯಿ ಕೊಟ್ಟೆ. ಮೂರು ತಿಂಗಳು ಬಂತು. ಮ್ಯಾಟಿಯಲ್ಲಿ ತೂತು ಚೆನ್ನಾಗಿ ಕಾಣುತ್ತೆ, ಹೊಸಬರಿಗೆ ಅದೇ ಸರಿ. ಲಡಿಯಲ್ಲಿ ಆರು ಎಳೆ ಇರುತ್ತೆ, ಎರಡೇ ತಗೊಳ್ಳಿ. ಒಂದು ಮೊಳಕ್ಕಿಂತ ಉದ್ದ ದಾರ ಬೇಡ, ಸಿಕ್ಕಾಗುತ್ತೆ. ಮೊದಲು ಒಂದು ಸರಳ ಚೌಕ ಹಾಕಿ. ಅಷ್ಟೂ ಬೇಡ ಅಂದ್ರೆ ಹಳೇ ಸೀರೆ, ಧೋತರ ಒಂದರ ಮೇಲೊಂದು ಹಾಸಿ ಕೌದಿ ಹೊಲೀರಿ. ಅದಕ್ಕೆ ಸೂಜಿ ದಾರದ ಖರ್ಚು ಮಾತ್ರ.

ಗಂಡಸರು ಕೆಲವರು ಹಿಂಜರೀತೀರಿ, ನನಗೆ ಗೊತ್ತು. ಗೆಳೆಯನೊಬ್ಬ ನನಗೂ ಕೇಳಿದ, "ಹೆಂಗಸರ ಕೆಲಸ ಶುರು ಮಾಡಿದ್ಯಾ?" ನಾವಿರೋ ಈ ಥಾಣೆ ಸೀಮೆಯದೇ ಒಂದು ಉದಾಹರಣೆ ಇದೆ. ವಾರ್ಲಿ ಚಿತ್ರ ನೀವೆಲ್ಲ ನೋಡಿದ್ದೀರಿ. ಕೆಮ್ಮಣ್ಣಿನ ಗೋಡೆ ಮೇಲೆ ಅಕ್ಕಿ ಹಿಟ್ಟಿನ ಬಿಳಿ, ವೃತ್ತ, ತ್ರಿಕೋನ, ಚೌಕ. ಮದುವೆ ಮನೆಯಲ್ಲಿ ಅದನ್ನ ಬರೆಯುತ್ತಿದ್ದವರು ಹೆಂಗಸರು. ಡಹಾಣು ಕಡೆಯ ಜಿವ್ಯಾ ಸೋಮಾ ಮಶೆ ಅನ್ನೋರು 1970ರ ದಶಕದಲ್ಲಿ ಆ ರೂಢಿ ಮುರಿದು ಕಾಗದದ ಮೇಲೆ, ಬಟ್ಟೆ ಮೇಲೆ ದಿನಾ ಬರೆಯೋಕೆ ಶುರು ಮಾಡಿದರು. 2011ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಡಹಾಣು ಈಗ ಪಾಲ್ಘರ್ ಜಿಲ್ಲೆಯಲ್ಲಿದೆ, 2014ರವರೆಗೆ ಥಾಣೆ ಜಿಲ್ಲೆಯೇ. ಸೂಜಿಗೆ, ಕುಂಚಕ್ಕೆ ಹಿಡಿದವರು ಯಾರು ಅಂತ ಗೊತ್ತಾಗಲ್ಲ.

ಇನ್ನೊಂದು ಎಚ್ಚರಿಕೆ. ನಾನೂ ಬಿದ್ದ ಹಳ್ಳ ಇದು. ಆಫೀಸಲ್ಲಿ ತೋರಿಸಿದೆ. "ಚೆನ್ನಾಗಿದೆ, ಪೇಜ್ ಮಾಡಿ ಮಾರು" ಅಂದರು. ಎರಡು ಆರ್ಡರ್ ತಗೊಂಡೆ. ಶುಕ್ರವಾರದೊಳಗೆ ಕೊಡಬೇಕು ಅಂತ ರಾತ್ರಿ ಒಂದು ಗಂಟೆಗೆ ನವಿಲಿನ ಬಾಲ ಹೊಲೀತಾ ಕೂತಾಗ ಹೊಟ್ಟೆಯಲ್ಲಿ ಮತ್ತೆ ಅದೇ ಬಿಗಿತ. ಇನ್ನೊಂದು ಸ್ಪ್ರಿಂಟ್ ನಾನೇ ಹುಟ್ಟಿಸಿಕೊಂಡಿದ್ದೆ. ಅವೆರಡು ಮುಗಿಸಿ ಕೊಟ್ಟು ಪೇಜ್ ಮುಚ್ಚಿದೆ. ಇದರಿಂದ ಹೊಟ್ಟೆ ಹೊರೆಯೋರು ಇದ್ದಾರೆ, ಅವರ ಹತ್ತಿರ ಕೊಂಡುಕೊಳ್ಳಿ, ಸರಿಯಾದ ಬೆಲೆ ಕೊಡಿ. ನಿಮ್ಮದನ್ನ ಮಾತ್ರ ನಿಮಗೇ ಇಟ್ಕೊಳ್ಳಿ.

ಈಗ ಫೋನಿನ ವಿಷಯ. ಒಂದು ಸಂಜೆ ಇಬ್ಬರೂ ಹೊಲೀತಾ ಕೂತಿದ್ದೆವು. ಅವ್ವ ತಲೆ ಎತ್ತದೇ ಹೇಳಿದಳು: "ನಿಮ್ಮಪ್ಪ ಆಸ್ಪತ್ರ್ಯಾಗ ಇದ್ದಾಗ ಕಡೀ ರಾತ್ರಿ ನನಗ ನಿದ್ದಿ ಹತ್ತಿತ್ತೊ. ಕರದಿದ್ರೋ ಏನೋ." ಎರಡು ವರ್ಷ ಆ ಮಾತನ್ನ ಒಳಗೇ ಇಟ್ಟುಕೊಂಡಿದ್ದಳು. ನಾನೂ ತಲೆ ಎತ್ತಲಿಲ್ಲ. "ಅವತ್ತು ರಿಲೀಸ್ ಮುಗಿಸಿ ಮಲಗಿದ್ದೆ ಅವ್ವ. ಫೋನ್ ಸೈಲೆಂಟ್ ಇತ್ತು. ನಿಂದು ಹದಿನಾಲ್ಕು ಕಾಲ್ ಬಂದಿತ್ತು" ಅಂದೆ. ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು. ಆಮೇಲೆ "ದಾರಾ ಮುಗೀತು, ಪೋಣಿಸಿ ಕೊಡು" ಅಂದಳು.

ಮುಖಕ್ಕೆ ಮುಖ ಕೊಟ್ಟು ಕೂತಿದ್ದರೆ ಆ ಮಾತು ನಮ್ಮಿಬ್ಬರ ಬಾಯಿಂದ ಬರ್ತಿರಲಿಲ್ಲ. ಕೈಗೆ ಕೆಲಸ ಇತ್ತು, ಕಣ್ಣು ಬಟ್ಟೆ ಮೇಲಿತ್ತು, ಅದಕ್ಕೇ ಬಂತು.

ಇದು ಔಷಧ ಅಂತ ನಾನು ಹೇಳ್ತಿಲ್ಲ. ವಾರಗಟ್ಟಲೆ ನಿದ್ದೆ ಇಲ್ಲ, ಬದುಕೋದೇ ಬೇಡ ಅನ್ನಿಸ್ತಿದೆ ಅಂದ್ರೆ ಸೂಜಿ ದಾರ ಸಾಲದು, ವೈದ್ಯರನ್ನ ಕಾಣಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ದುಡ್ಡಿಲ್ಲ, ಕನ್ನಡದಲ್ಲೂ ಮಾತಾಡಬಹುದು. ನಾನೂ ಒಬ್ಬರು ವೈದ್ಯರ ಹತ್ತಿರ ಹೋಗಿ ಬಂದೆ. ಅದನ್ನೂ ಇಲ್ಲೇ ಹೇಳಿಬಿಡ್ತೀನಿ.

ಈಗ ಆನ್‌ಕಾಲ್ ಇಲ್ಲದ ದಿನ ರಾತ್ರಿ ಫೋನ್ ಸೈಲೆಂಟ್ ಮಾಡಿ ಮಲಗ್ತೀನಿ. ಅವ್ವ ಪಕ್ಕದ ಕೋಣೆಯಲ್ಲೇ ಇರ್ತಾಳೆ. ಕೆಳಗಿನ ಮಹಡಿಯ ಮರಾಠಿ ಅಜ್ಜಿಯೊಬ್ಬರು ಮಧ್ಯಾಹ್ನ ಅವಳ ಹತ್ತಿರ ಗವಂತಿ ಕಲಿಯೋಕೆ ಬರ್ತಾರೆ. ಅವಳಿಗೆ ಮರಾಠಿ ಬರಲ್ಲ, ಅವರಿಗೆ ಕನ್ನಡ ಬರಲ್ಲ. "ಒಂದು, ಎರಡು, ಮೂರು" ಮಾತ್ರ ಈಗ ಇಬ್ಬರಿಗೂ ಎರಡೂ ಭಾಷೆಯಲ್ಲಿ ಬರುತ್ತೆ.

ಈ ಭಾನುವಾರ ಒಂದು ಚೌಕ ಹಾಕಿ ನೋಡಿ. ಮನೆಯಲ್ಲಿ ಅವ್ವನೋ ಅತ್ತೆಯೋ ಇದ್ದರೆ ಅವರ ಹತ್ತಿರವೇ ಕೇಳಿ ಕಲೀರಿ. ಸೊಟ್ಟ ಬಂದರೆ ಬಿಚ್ಚಿ ಮತ್ತೆ ಹಾಕಿ.